ಮುನಿಶಾಮಮ್ಮನ ದೋಣಿ ಇಂಜಿನ್ ಕೆಟ್ಟ ಶುಕ್ರವಾರ

ಚೆನ್ನಾಗಿ ಓಡುತ್ತಿದ್ದ ಇಂಜಿನ್ನಿಗೆ ಕೈ ಹಾಕು ಅಂತ ಈ ಕುಪ್ಪುಸ್ವಾಮಿಗೆ ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ. ನಂದಿದುರ್ಗದಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟವನು, ಅಕ್ಕನ ಮನೆಗೆ ಬಂದವನು ಉಂಡು ಸುಮ್ಮನೆ ಮಲಗಬಾರದೆ? ‘ಹೊಗೆ ಜಾಸ್ತಿ ಬತ್ತೈತೆ ಅಕ್ಕಾ’ ಅಂತ ನೆನ್ನೆ ಸಂಜೆ ಅವಳ ದೋಣಿಯ ಕಾರ್ಬುರೇಟರ್ ಸ್ಕ್ರೂ ತಿರುವಿದ. ಇವತ್ತು ಬೆಳಿಗ್ಗೆ ಇಂಜಿನ್ ಎರಡು ಸಲ ಕೆಮ್ಮಿ ಗಪ್‌ಚಿಪ್ ಆಯಿತು.

ಮುನಿಶಾಮಮ್ಮ ಕೆರೆಯತ್ತ ನೋಡಿದಳು. ಬಿಡದೆ ಕವಿದ ಮೋಡಕ್ಕೆ ಕೆರೆ ನೀರಲ್ಲಿ ಗಾಳಿ ಕಡಿಮೆಯಾಗಿ, ಕಟ್ಲಾ ಮೀನೆಲ್ಲ ಮೇಲೆ ಬಂದು ಬಾಯಿಬಾಯಿ ಬಿಡುತ್ತಿದ್ದವು. ದೋಣಿ ಓಡಿಸಿ ನೀರು ಕದಡಿದರೆ ಉಳಿಯುತ್ತವೆ. ಇಲ್ಲದಿದ್ದರೆ ಮಧ್ಯಾಹ್ನದೊಳಗೆ ಎಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತವೆ.

ಗಂಡ ಇದ್ದಾಗ ಅವಳು ಬಂಗಾರಪೇಟೆ ಸ್ಟೇಷನ್ ಬಳಿ ಬುಟ್ಟಿ ಇಟ್ಟು ಬೇರೆಯವರ ಮೀನು ಮಾರಿದವಳು. ಅವನು ಹೋದ ಮೇಲೆ, ‘ಹೆಂಗಸಿಗೆ ಕೆರೆ ಯಾಕೆ’ ಅಂದವರ ಎದುರಿಗೇ ಕಾಮಸಮುದ್ರದ ಹತ್ತಿರದ ಈ ಕೆರೆಯನ್ನು ಗುತ್ತಿಗೆ ಹಿಡಿದಳು. ಮರಿ ಬಿಟ್ಟು, ಹಿಂಡಿ ಕಲಸಿ ಹಾಕಿ, ನೀರುಕಾಗೆ ಓಡಿಸಿ ಸಾಕಿದ ಮೀನು ಇವು. ಹಾಗೆ ಅಂದವರೆಲ್ಲ ಈಗ ಕಟ್ಟೆ ಮೇಲೆ ಕೂತು ಬೀಡಿ ಸೇದುತ್ತಾ ತಮಾಷೆ ನೋಡುತ್ತಿದ್ದರು.

ಕುಪ್ಪುಸ್ವಾಮಿ ಹಗ್ಗ ಎಳೆದ. ಇಲ್ಲ. ಪ್ಲಗ್ ಬಿಚ್ಚಿ ಒರೆಸಿದ. ಇಲ್ಲ. ಸ್ಕ್ರೂ ಒಳಕ್ಕೆ ತಿರುವಿದ, ಹೊರಕ್ಕೆ ತಿರುವಿದ, ಕಾರ್ಬುರೇಟರನ್ನೇ ಬಿಚ್ಚಿ ಬಾಯಲ್ಲಿ ಊದಿ ಮತ್ತೆ ಕೂರಿಸಿದ. ಎಳೆದೆಳೆದು ಅಂಗೈ ಸುಲಿದುಹೋಯಿತು.

‘ಪೆಟ್ರೋಲೇ ಇಳೀತಿಲ್ಲ ಅಕ್ಕಾ! ಎನ್ನ ಕರ್ಮಮೋ!’

‘ಕರ್ಮ ನಂದು ಕಣ್ಲಾ, ನಿನ್ನಂತೋನು ತಮ್ಮ ಆಗಿ ಉಟ್ಟಿದ್ದು! ಮೀನು ಸತ್ರೆ ನನ್ ಮನೆ ಒಸ್ಲು ತುಳೀಬ್ಯಾಡ!’

ಅವನು ಮತ್ತೆ ಹಗ್ಗಕ್ಕೆ ಕೈ ಹಾಕಿದ.

ಪೆಟ್ರೋಲಾದರೂ ಇದೆಯೋ ಇಲ್ಲವೋ ಅಂತ ಅವಳೇ ಟ್ಯಾಂಕಿನ ಮುಚ್ಚಳ ತಿರುವಿದಳು. ಉಸ್ಸೆಂದು ಗಾಳಿ ಒಳಕ್ಕೆ ನುಗ್ಗಿತು. ಮುಚ್ಚಳದ ನಡುವೆ ಗಾಳಿ ಆಡಲಿಕ್ಕೆ ಇದ್ದ ಸೂಜಿಮೊನೆಯಷ್ಟು ತೂತು ಕಾಣಲೇ ಇಲ್ಲ. ಅದರ ಮೇಲೆ ದಪ್ಪ ಅರಿಶಿನ, ಅರಿಶಿನದ ಮೇಲೆ ಕುಂಕುಮ. ಶುಕ್ರವಾರ ಅಂತ ಎದ್ದ ಕೂಡಲೇ ಇಂಜಿನ್ನಿಗೆ ಪೂಜೆ ಮಾಡಿದ್ದು ಅವಳೇ. ‘ತಮ್ಮ ಬೇರೆ ಕೈ ಹಾಕವ್ನೆ, ತಾಯೀ ಕಾಪಾಡವ್ವಾ’ ಅಂತ ಇವತ್ತು ಎಂದಿಗಿಂತ ಜಾಸ್ತಿಯೇ ಬಳಿದಿದ್ದಳು. ಗಾಳಿ ಒಳಗೆ ಹೋಗದೆ ಪೆಟ್ರೋಲು ಹೇಗೆ ಇಳಿದೀತು?

ಬಳೆಗೆ ಸಿಕ್ಕಿಸಿದ್ದ ಸೇಫ್ಟಿ ಪಿನ್ ತೆಗೆದು, ತಮ್ಮನಿಗೆ ಬೆನ್ನು ಮಾಡಿ ತೂತು ಬಿಡಿಸಿ, ಮುಚ್ಚಳ ಹಾಕಿದಳು.

‘ಈಗ ಎಳಿ.’

ಎಳೆದ. ಇಂಜಿನ್ ಗುರ್ರೆಂದಿತು.

ಇಬ್ಬರನ್ನೂ ಹೊತ್ತು ದೋಣಿ ಸುತ್ತು ಹಾಕಿದ ಹಾಗೆಲ್ಲ ಮೀನು ಕೆಳಕ್ಕಿಳಿದವು. ಕೆಲವು ಮಾತ್ರ ತೇಲಿಯೇ ಉಳಿದವು. ಕುಪ್ಪುಸ್ವಾಮಿ ಅವನ್ನು ನೋಡಿ ತಲೆ ತಗ್ಗಿಸಿದ. ‘ನಾನು ಮುಟ್ದೇ ಇದ್ದಿದ್ರೆ ಇವೂ ಬದುಕ್ತಿದ್ವು. ಇನ್ ನಿನ್ ಮನೆ ಕಡೆ ಬರಲ್ಲ ಬುಡಕ್ಕಾ.’

ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹಾಳಾದ ಮಾತು ಒಳಗೆ ನಿಲ್ಲಲಿಲ್ಲ.

‘ನಿಂದೇನಿಲ್ಲ, ನಂದೇ ತಪ್ಪು,’ ಅಂದಳು ಮೆಲ್ಲಗೆ.

‘ಏನಕ್ಕಾ? ಕೇಳಿಸ್ತಿಲ್ಲ!’

ಇಂಜಿನ್ ಅಷ್ಟು ಜೋರಾಗಿ ಓಡುತ್ತಿತ್ತು. ಮುನಿಶಾಮಮ್ಮ ಎದ್ದು ನಿಂತು ಕೆರೆಗೆಲ್ಲ ಕೇಳುವ ಹಾಗೆ ಕಿರುಚಿದಳು: ‘ಅರಿಶ್ಣ ಬಳ್ದು ತೂತು ಮುಚ್ಚಿದ್ದು ನಾನು ಕಣ್ಲಾ!’

ಕಟ್ಟೆ ಮೇಲಿದ್ದವರು ಹೊಟ್ಟೆ ಹಿಡಿದು ನಕ್ಕರು. ನಗಲಿ ಮುಂಡೇವು.

‘ಮದ್ಯಾನ ಉಂಡ್ಕೊಂಡೇ ಓಗ್ಬೇಕು,’ ಅಂತ ಇನ್ನೂ ಜೋರಾಗಿ ಕೂಗಿದಳು, ‘ಇದಾದ್ರೂ ಕೇಳುಸ್ತಾ?’