ಸಹಿ ಮಾಡುವಾಗ ಮುಖ ತಿರುಗಿಸುತ್ತಿದ್ದವರು

ನಮ್ಮ ಯಜಮಾನರ ಫೋನು ಈಗ ನನ್ನ ಹತ್ತಿರ ಇದೆ. ಗುಂಡಿ ಒತ್ತುವ ಹಳೇ ಫೋನು. ಅದಕ್ಕೆ ಯಾರೂ ಕರೆ ಮಾಡುವುದಿಲ್ಲ. ಅವರು ಹೋದ ಸುದ್ದಿ ಮುಟ್ಟಬೇಕಾದವರಿಗೆಲ್ಲ ಮುಟ್ಟಿದೆ. ಆದರೂ ಬೆಳಿಗ್ಗೆ ಎದ್ದ ಕೂಡಲೇ ಅದನ್ನು ಚಾರ್ಜಿಗೆ ಹಾಕುತ್ತೇನೆ. ಅದು ಯಾವಾಗಲಾದರೂ ಟಿಣ್ ಎಂದರೆ ಶಿಕಾರಿಪುರದ ಬ್ಯಾಂಕಿನಿಂದ ಮೆಸೇಜು ಬಂದಿದೆ ಎಂದೇ ತಿಳಿಯಬೇಕು.

ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ ಒಂದು ಬೆಳಿಗ್ಗೆ ಹಾಗೆ ಸದ್ದಾಯಿತು. ತಿಂಡಿಗೆ ಕೂತಿದ್ದ ಅಳಿಯ ಫೋನು ತೆಗೆದುಕೊಂಡು ಓದಿದರು.

"ಮತ್ತೆ ಹಿಡ್ಕಂಡಿದಾರೆ ಅತ್ತೆ. ಕಾರ್ಡಿಗೆ ಒಂದಿಷ್ಟು, ಮೆಸೇಜಿಗೆ ಒಂದಿಷ್ಟು. ದುಡ್ಡು ಹಿಡ್ಕಂಡ್ವಿ ಅಂತ ಹೇಳೋ ಮೆಸೇಜಿಗೂ ದುಡ್ಡು ನೋಡಿ."

"ಆ ಬ್ಯಾಂಕಿನೋರು ಯಾವತ್ತೂ ಹಿಡೀತಿದ್ರು" ಎಂದೆ.

"ಅದೇ ಹೇಳಿದ್ದು ನಾನು. ಇಲ್ಲಿ ಸೊರಬದಲ್ಲೇ ನಿಮ್ಮದೊಂದು ಖಾತೆ ಇದೆ, ಒಂದು ಪೈಸೆ ಹಿಡಿಯಲ್ಲ. ಮಾವನ ಹೆಸರು ತೆಗೆಸೋಕೆ ಹೆಂಗಿದ್ರೂ ಶಿಕಾರಿಪುರಕ್ಕೆ ಹೋಗ್ಬೇಕಲ್ಲ. ಹೋದೋರು ಹಂಗೇ ಆ ಖಾತೆ ಮುಚ್ಚಿಸಿಕೊಂಡು ಬಂದ್ಬಿಡಿ."

ಅಳಿಯ ಸೊರಬದಲ್ಲಿ ಬೈಕಿನ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿದ್ದಾರೆ. ಜಿಪುಣರಲ್ಲ. ಯಜಮಾನರು ಕಫ ಕಟ್ಟಿ ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಂಗಡಿಗೆ ಬಾಗಿಲು ಹಾಕಿ ಹಾಸಿಗೆಯ ಪಕ್ಕ ಕೂತವರು ಅವರೇ. ಅವರು ಹೇಳುತ್ತಿದ್ದುದರಲ್ಲಿ ತಪ್ಪೂ ಇರಲಿಲ್ಲ. ನಾನು ಹೂಂ ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಮುಚ್ಚಿಸಬೇಕೋ ಬೇಡವೋ ನನಗೇ ಗೊತ್ತಿರಲಿಲ್ಲ. ಗೊತ್ತಾಗಲು ಹಿಂದಿನದನ್ನೆಲ್ಲ ಒಮ್ಮೆ ನೆನೆಯಬೇಕಾಯಿತು.

ಯಜಮಾನರು ಬೋರ್ಡು ಬರೆಯುತ್ತಿದ್ದರು. ಶಿಕಾರಿಪುರದಲ್ಲಿ ಎಲ್ಲರೂ ಪೇಂಟ್ರು ಎಂದೇ ಕರೆಯುತ್ತಿದ್ದರು. ಗೊಬ್ಬರದ ಅಂಗಡಿ, ಬಟ್ಟೆ ಅಂಗಡಿ, ಟ್ರಾಕ್ಟರ್ ಟ್ರೈಲರಿನ ಹಿಂಭಾಗ, ಉಡುತಡಿ ಕಡೆಯ ಶಾಲೆಯ ಗೋಡೆ, ಎಲ್ಲೆಲ್ಲೂ ಅವರ ಅಕ್ಷರವಿತ್ತು. ಏಣಿ ಹತ್ತಿ ಆಳೆತ್ತರದ ಅಕ್ಷರ ಬರೆದು ಇಳಿದು ಬಂದು, ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡುತ್ತಿದ್ದರು. ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವಿನ ಜಾಗ ಸರಿ ಕಾಣದಿದ್ದರೆ ಅಂಗಡಿಯವನು ಬೇಡವೆಂದರೂ ಅಳಿಸಿ ಮತ್ತೆ ಬರೆಯುತ್ತಿದ್ದರು.

ಪೇಟೆಯಲ್ಲಿ ಖಾಸಗಿ ಬ್ಯಾಂಕಿನ ಶಾಖೆಯೊಂದು ಹೊಸದಾಗಿ ಬಾಗಿಲು ತೆರೆದಾಗ ನಾವಿಬ್ಬರೂ ಹೋಗಿ ಜಂಟಿ ಖಾತೆ ಮಾಡಿಸಿದೆವು. ಮಾದರಿ ಸಹಿ ಹಾಕಿ ಎಂದರು. ನಾನು ನನ್ನ ಹೆಸರು ಬರೆದು ಮುಗಿಸಿದೆ. ಯಜಮಾನರು ಅದನ್ನೂ ಒಂದು ಬೋರ್ಡು ಎಂದುಕೊಂಡರು. ಹೆಸರಿನ ಪ್ರತಿ ಅಕ್ಷರಕ್ಕೂ ಬಲಗಡೆ ನೆರಳು ಕೊಟ್ಟರು. ಕೆಳಗೆ ಬಳ್ಳಿಯ ಹಾಗೆ ಗೆರೆ ಎಳೆದು ಅದರ ತುದಿಗೆ ಎಲೆಯೊಂದನ್ನು ಬಿಡಿಸಿದರು.

"ಪ್ರತಿ ಸಲಾನೂ ಹಿಂಗೇ ಹಾಕ್ಬೇಕಾಗುತ್ರಿ ಯಜಮಾನ್ರೆ" ಎಂದು ಕೌಂಟರಿನವರು ಎಚ್ಚರಿಸಿದರು.

"ಹಾಕ್ತೀನಿ ಬಿಡ್ರಿ. ಇದು ನನ್ನ ಕಸುಬು."

ಎಷ್ಟೋ ವರ್ಷ ಹಾಗೇ ಹಾಕಿದರು. ಹಣ ತೆಗೆಯುವ ಚೀಟಿಯ ಮೇಲೆ ಅವರು ಎಲೆ ಬಿಡಿಸುವುದನ್ನು ಹಿಂದೆ ನಿಂತವರು ಇಣುಕಿ ನೋಡುತ್ತಿದ್ದರು. ಆಮೇಲೆ ಬೋರ್ಡುಗಳೆಲ್ಲ ಯಂತ್ರದಿಂದ ಅಚ್ಚಾಗಿ ಬರತೊಡಗಿದವು. ಕೆಲಸ ಕಡಿಮೆಯಾಯಿತು. ಮಗಳ ಮನೆಯ ಹತ್ತಿರವೇ ಇರೋಣ ಎಂದು ಸೊರಬಕ್ಕೆ ಬಂದು ಎರಡು ಕೋಣೆಯ ಮನೆ ಬಾಡಿಗೆಗೆ ಹಿಡಿದೆವು. ಇಲ್ಲಿಯ ಬ್ಯಾಂಕಿನಲ್ಲೂ ಒಂದು ಖಾತೆ ತೆರೆದೆವು. ಅಲ್ಲಿಯೂ ಅದೇ ಎಲೆಯ ಸಹಿ ಕೊಟ್ಟರು.

ಕೈ ನಡುಗುವ ಕಾಯಿಲೆ ಶುರುವಾದದ್ದು ಅದಾದ ಮೇಲೆ. ಮೊದಲು ಹೆಬ್ಬೆರಳು, ಆಮೇಲೆ ಅಂಗೈ. ಲೋಟ ಹಿಡಿದರೆ ಚಹಾ ತುಳುಕುತ್ತಿತ್ತು. ಒಂದು ದಿನ ಸೊರಬದ ಬ್ಯಾಂಕಿನಲ್ಲಿ ಅವರ ಚೀಟಿ ವಾಪಸ್ ಬಂತು. ಸಹಿ ತಾಳೆಯಾಗುವುದಿಲ್ಲ ಎಂದರು. ಇನ್ನೊಂದು ಸಲ ಹಾಕಿದರು, ಮತ್ತೂ ಕೆಟ್ಟಿತು. ನಮ್ಮ ಹಿಂದೆ ಉದ್ದದ ಸಾಲಿತ್ತು.

"ಕೈ ಆಗಲ್ಲ ಅಂದ್ರೆ ಹೆಬ್ಬೆಟ್ಟು ಒತ್ತಿಸ್ರಿ ಅಮ್ಮ, ಸುಲಭ" ಎಂದು ಅಲ್ಲಿಯವರು ನನಗೆ ಹೇಳಿದರು.

ಅವರು ಗಡಸಾಗಿ ಹೇಳಲಿಲ್ಲ. ನಿಯಮವೂ ಹಾಗೆಯೇ ಇರಬೇಕು. ಯಜಮಾನರು ಮಾತ್ರ ಪೆನ್ನು ಮೇಜಿನ ಮೇಲೆ ಇಟ್ಟು ಹೊರಗೆ ನಡೆದರು. ಮೆಟ್ಟಿಲ ಮೇಲೆ ನಿಂತು, ನನ್ನ ಮುಖ ನೋಡದೆ, "ಊರಿಗೆಲ್ಲ ಅಕ್ಷರ ಬರ್ದೋನು ನಾನು. ಈಗ ಹೆಬ್ಬೆಟ್ಟು ಒತ್ತಬೇಕಾ?" ಎಂದರು. ಅದೂ ಜಂಟಿ ಖಾತೆಯಾದ್ದರಿಂದ ನಾನೇ ಸಹಿ ಹಾಕಿ ಹಣ ತೆಗೆಯಬಹುದಿತ್ತು, ಅದನ್ನೇ ಹೇಳಿದೆ. ಅವರಿಗೆ ಬೇಕಿದ್ದದ್ದು ಹಣವಲ್ಲ.

ಮರುದಿನ ಬೇಗ ಎದ್ದು ಶೇವ್ ಮಾಡಿಸಿಕೊಂಡರು. ಶಿಕಾರಿಪುರಕ್ಕೆ ಹೋಗೋಣ ಎಂದರು.

ಶಿರಾಳಕೊಪ್ಪದ ಮೇಲೆ ಹೋಗುವ ಸರ್ಕಾರಿ ಬಸ್ಸು. ಹೆಂಗಸರಿಗೆ ಟಿಕೆಟ್ಟಿಲ್ಲ, ಅವರಿಗೆ ಮಾತ್ರ ತೆಗೆದುಕೊಳ್ಳಬೇಕು. ಆ ಬ್ಯಾಂಕಿನವರು ವರ್ಷಕ್ಕೆ ಇಷ್ಟು ಹಿಡಿಯುತ್ತಾರೆ, ಅದರ ಮೇಲೆ ಈ ಬಸ್ಸಿನ ಖರ್ಚು ಬೇರೆ ಎಂದು ನಾನು ಗೊಣಗಿದೆ.

"ನಿಂಗೆ ಬಸ್ಸು ಪುಕ್ಕಟೆ ಐತಿ, ನಂಗೆ ಬ್ಯಾಂಕು ತುಟ್ಟಿ ಐತಿ. ಲೆಕ್ಕ ಸರಿಹೋತು ಬಿಡು" ಎಂದರು. ಹಿಂದಿನ ದಿನದಿಂದ ಅವರು ಆಡಿದ ಮೊದಲ ತಮಾಷೆಯ ಮಾತು ಅದು. ಬಸ್ಸು ಶಿರಾಳಕೊಪ್ಪ ದಾಟುವವರೆಗೂ ನಾನು ಒಳಗೊಳಗೇ ನಗುತ್ತಿದ್ದೆ.

ಆ ಬ್ಯಾಂಕಿನಲ್ಲಿ ಆಗ ನಡುವಯಸ್ಸಿನ ಮೇಡಂ ಒಬ್ಬರಿದ್ದರು. ಹಾವೇರಿ ಕಡೆಯವರು, ಯಜಮಾನರನ್ನು ಮೊದಲೇ ಬಲ್ಲವರು. ಯಜಮಾನರು ಅವರ ಮುಂದೆ ನಿಂತು, "ಮೇಡಂ, ನನ್ನ ಸಹಿ ಕೈಬಿಟ್ಟು ಓಡಿಹೋಗೈತ್ರಿ" ಎಂದರು.

ಮೇಡಂ ಅವರ ಕೈಯನ್ನು ನೋಡಿದರು. ಒಂದು ಸಲ ಮಾತ್ರ. ಕೂತಲ್ಲಿಂದ ಎದ್ದು ಮೇಜಿನ ಈಚೆ ಬಂದರು. ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲಿ, ನಾವು ಬಸ್ಸಿನಲ್ಲಿ ಕೂರುವ ಹಾಗೆ, ಕೂತರು.

"ಎಲ್ಲಿಗೋಗ್ತೈತ್ರಿ ಪೇಂಟ್ರೆ? ಅದಕ್ಕೂ ವಯಸ್ಸಾತು, ಅಷ್ಟ. ಹೊಸಾದೊಂದು ಮಾಡೂಣು. ಎಲಿ ಬ್ಯಾಡ, ನೆರಳು ಬ್ಯಾಡ. ನಿಮಗ ಹೆಂಗ ಬರ್ತೈತಿ ಹಂಗ ಹಾಕ್ರಿ."

"ಅಂದ್ರ ಕಡಿಮಿ ರೇಟಿನ ಬೋರ್ಡು."

"ಹೌದ್ರಿ. ನಮ್ಮ ಬ್ಯಾಂಕಿನ್ಯಾಗ ಅದೂ ನಡೀತೈತಿ."

ಹೊಸ ಮಾದರಿ ಸಹಿಯ ಕಾಗದವನ್ನು ಮುಂದಿಟ್ಟರು. ಯಜಮಾನರು ಪೆನ್ನು ಎತ್ತಿಕೊಂಡ ಕೂಡಲೇ ಮೇಡಂ ಮುಖ ಆ ಕಡೆ ತಿರುಗಿಸಿದರು. ಬಾಗಿಲಾಚೆಯ ರಸ್ತೆ ನೋಡುತ್ತ, "ಪೇಂಟ್ರೆ, ನಮ್ಮ ಬ್ಯಾಂಕಿನ ಬೋರ್ಡ್ ಹೆಂಗೈತಿ? ಖರೇ ಹೇಳ್ರಿ" ಎಂದು ಕೇಳಿದರು.

"ಖರೇ ಹೇಳಲಾ? ಅಕ್ಷರ ಒಂದರ ಮೈಮ್ಯಾಲೆ ಒಂದು ಬಿದ್ದಾವು. ಸಂತಿ ಬಸ್ಸಿನಾಗೆ ನಿಂತಂಗೆ."

ಅದನ್ನು ಹೇಳುತ್ತ ಹೇಳುತ್ತ ಸಹಿ ಮಾಡಿ ಮುಗಿಸಿದ್ದರು. ನೋಡುವವರಿದ್ದರೆ ಆ ಕೈ ಹೆಚ್ಚು ನಡುಗುತ್ತಿತ್ತು. ಯಾರೂ ನೋಡದಿದ್ದರೆ, ಬಾಯಿಗೆ ಬೇರೆ ಕೆಲಸ ಸಿಕ್ಕಿದ್ದರೆ, ಕೈ ತನ್ನ ಪಾಡಿಗೆ ಒಂದಿಷ್ಟು ದೂರ ಹೋಗುತ್ತಿತ್ತು. ಮನೆಯಲ್ಲಿ ಜೊತೆಗಿದ್ದ ನನಗೆ ತಿಳಿಯದ್ದು ಮೇಡಂಗೆ ಹೇಗೆ ತಿಳಿಯಿತೋ. ಅವರ ತಂದೆಗೋ ಮಾವನಿಗೋ ಇದೇ ಕಾಯಿಲೆ ಇದ್ದಿರಬಹುದು.

ಅಲ್ಲಿಂದ ಮುಂದೆ ಬ್ಯಾಂಕಿನ ಕೆಲಸವಿರಲಿ ಬಿಡಲಿ, ಆಗಾಗ ಶಿಕಾರಿಪುರಕ್ಕೆ ಹೋಗುತ್ತಿದ್ದೆವು. ಕಾಯಿಲೆ ಮುಂದುವರಿದ ಹಾಗೆ ಅವರ ಅಕ್ಷರ ಚಿಕ್ಕದಾಗುತ್ತ ಬಂತು. ಆಳೆತ್ತರ ಬರೆದ ಕೈಯಿಂದ ಇರುವೆಯಂಥ ಅಕ್ಷರ ಬೀಳುತ್ತಿತ್ತು. ಹೆಸರು ಪೂರ್ತಿ ಬರೆಯುವುದು ನಿಂತಿತು. ಕೊನೆಗೆ ಉಳಿದದ್ದು ಹೆಸರಿನ ಮೊದಲ ಅಕ್ಷರ ಮತ್ತು ಒಂದು ಚುಕ್ಕೆ. ಸಹಿ ಬದಲಾದಾಗಲೆಲ್ಲ ಮೇಡಂ ಹೊಸ ಮಾದರಿ ತೆಗೆದುಕೊಳ್ಳುತ್ತಿದ್ದರು. ಯಾಕೆಂದು ಹೇಳುತ್ತಿರಲಿಲ್ಲ. ಎಷ್ಟು ಜನ ಕಾಯುತ್ತಿದ್ದರೂ ಮೇಜಿನ ಈಚೆ ಬಂದು ಕೂರುವುದನ್ನು, ರಸ್ತೆ ನೋಡುವುದನ್ನು ಬಿಡಲಿಲ್ಲ. ಸಾಲಿನಲ್ಲಿದ್ದವರೊಬ್ಬರು ಒಮ್ಮೆ, "ಮೇಡಂ, ಬೀದ್ಯಾಗೆ ಏನ್ ಸಿನಿಮಾ ನಡದೈತ್ರಿ?" ಎಂದು ಕೆಣಕಿದರು. "ಭಾಳ ಚಲೋ ಐತ್ರಿ, ನೀವೂ ಆ ಕಡೆ ನೋಡ್ರಿ" ಎಂದರು. ಅವರೂ ತಿರುಗಿದರು.

ಯಜಮಾನರು ಸಾಯುವವರೆಗೂ ಹೆಬ್ಬೆಟ್ಟು ಒತ್ತಲಿಲ್ಲ.

ಇದಕ್ಕೆ ಬೆಲೆ ಎಷ್ಟು ಎಂದು ಯಾರಾದರೂ ಕೇಳಿದರೆ ನಾನು ಏನು ಹೇಳಲಿ? ಅಳಿಯ ಹೇಳುವ ಹಾಗೆ, ಬ್ಯಾಂಕು ದುಡ್ಡು ಹಿಡಿದದ್ದು ಕಾರ್ಡಿಗೆ ಮತ್ತು ಮೆಸೇಜಿಗೆ. ಮುಖ ತಿರುಗಿಸಿದ್ದಕ್ಕಲ್ಲ. ಅಷ್ಟೇ ದುಡ್ಡು ಕೊಟ್ಟೂ ಇಂಥದ್ದು ಸಿಗದ ಜನ ಬೇಕಾದಷ್ಟಿದ್ದಾರೆ. ದುಡ್ಡು ಹಿಡಿಯದ ಬ್ಯಾಂಕಿನಲ್ಲೂ ಇಂಥ ಮನುಷ್ಯರು ಇದ್ದೇ ಇರುತ್ತಾರೆ. ಸೊರಬದ ಕೌಂಟರಿನಲ್ಲಿ ಒಬ್ಬರೇ ಒಬ್ಬರು ಕೂತಿದ್ದರು, ಪಿಂಚಣಿಯವರು, ಗ್ಯಾಸಿನ ದುಡ್ಡಿನವರು ಬಾಗಿಲವರೆಗೂ ನಿಂತಿದ್ದರು. ಎದ್ದು ಈಚೆ ಬರಲು ಅವರಿಗೆ ಪುರುಸೊತ್ತೆಲ್ಲಿ? ನಾವು ಕೊಟ್ಟ ದುಡ್ಡಿನಿಂದ ಶಿಕಾರಿಪುರದಲ್ಲಿ ಆ ಪುರುಸೊತ್ತು ಸಿಕ್ಕಿತೋ ಏನೋ. ಅಷ್ಟರಮಟ್ಟಿಗೆ ಅದು ದಂಡವಾಯಿತು ಎಂದು ನನಗನ್ನಿಸುವುದಿಲ್ಲ. ಇಷ್ಟಾದರೂ, ಈಗ ಅವರೇ ಇಲ್ಲದ ಮೇಲೆ ಇನ್ನು ಯಾತಕ್ಕೆ ಕೊಡಬೇಕು ಎನ್ನುವ ಪ್ರಶ್ನೆ ಹಾಗೇ ಉಳಿಯುತ್ತಿತ್ತು.

ಆ ಪ್ರಶ್ನೆ ಇಟ್ಟುಕೊಂಡೇ ಒಬ್ಬಳೇ ಬಸ್ಸು ಹತ್ತಿದೆ. ಮರಣ ಪ್ರಮಾಣಪತ್ರ, ಆಧಾರ್ ಕಾರ್ಡು, ಅವುಗಳ ಜೆರಾಕ್ಸುಗಳನ್ನು ಮಗಳು ಚೀಲದಲ್ಲಿ ಹಾಕಿ ಕೊಟ್ಟಿದ್ದಳು. ಮೇಡಂಗೆ ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸುತ್ತ ಹೋದೆ. ಅಲ್ಲಿ ನೋಡಿದರೆ ಅವರ ಜಾಗದಲ್ಲಿ ಕನ್ನಡಕದ ಗಂಡಸರೊಬ್ಬರು ಕೂತಿದ್ದರು. ಮೇಡಂಗೆ ವರ್ಗವಾಗಿತ್ತು. ಜೋಡಿಸಿಕೊಂಡಿದ್ದ ಮಾತೆಲ್ಲ ಬಾಯಲ್ಲೇ ಉಳಿಯಿತು. ಮುಚ್ಚಿಸಿಯೇ ಬಿಡೋಣ ಎಂದು ಆ ಕ್ಷಣ ಅನ್ನಿಸಿತು.

ಹೊಸಬರು ಮರ್ಯಾದೆಯವರೇ. ಕಾಗದಗಳನ್ನು ನೋಡಿ, "ಬೇಜಾರಾಯ್ತು ಅಮ್ಮ" ಎಂದರು. ಅರ್ಜಿಯನ್ನು ತಾವೇ ತುಂಬಿಸಿ ನನ್ನ ಕಡೆ ತಿರುಗಿಸಿ, ಸಹಿ ಮಾಡುವಲ್ಲಿ ಬೆರಳಿಟ್ಟು ತೋರಿಸಿದರು. ಅದರ ಮೇಲಿನ ಸಾಲಿನಲ್ಲಿ, ತೆಗೆದುಹಾಕಬೇಕಾದ ಹೆಸರು ಎಂಬುದರ ಮುಂದೆ ಯಜಮಾನರ ಹೆಸರು ಪೂರ್ತಿಯಾಗಿತ್ತು. ನನಗೆ ಯಾವ ಕಾಯಿಲೆಯೂ ಇಲ್ಲ. ಆದರೂ ಪೆನ್ನು ಕಾಗದಕ್ಕೆ ತಾಗಿದ್ದೇ ಕೈ ನಡುಗಿತು. ಅವರು ನನ್ನ ಬೆರಳುಗಳನ್ನೇ ನೋಡುತ್ತಿದ್ದರು.

"ಸ್ವಲ್ಪ ಆ ಕಡೆ ನೋಡ್ತೀರಾ?" ಎಂದೆ.

"ಯಾಕ್ರಿ ಅಮ್ಮ? ಅಲ್ಲೇನಿದೆ?"

"ಏನಿಲ್ಲ. ನೀವು ನೋಡ್ತಾ ಇದ್ರೆ ಕೈ ಓಡಲ್ಲ."

ಅವರು ನಕ್ಕು ಕುರ್ಚಿಯನ್ನೇ ಬಾಗಿಲ ಕಡೆ ತಿರುಗಿಸಿದರು. "ಎಷ್ಟೊತ್ತು ನೋಡ್ಲಿ?"

"ಆಗೋವರೆಗೂ. ಸುಮ್ನೆ ಕೂರಬೇಡಿ, ಏನಾದ್ರೂ ಕೇಳಿ."

ಸ್ವಲ್ಪ ಯೋಚಿಸಿ, "ನಿಮ್ಮ ಯಜಮಾನ್ರು ಏನ್ ಕೆಲ್ಸ ಮಾಡ್ತಿದ್ರು?" ಎಂದು ಕೇಳಿದರು. ನಾನು ಹೇಳುತ್ತ ಹೋದೆ. ಏಣಿಯನ್ನು, ಎಲೆಯ ಸಹಿಯನ್ನು, ಮೇಡಂ ಪಕ್ಕದಲ್ಲಿ ಬಂದು ಕೂರುತ್ತಿದ್ದುದನ್ನು, ಅವರ ಬ್ಯಾಂಕಿನ ಬೋರ್ಡಿನ ಬಗ್ಗೆ ಯಜಮಾನರು ಹೇಳಿದ್ದನ್ನು. ಸಹಿ ಯಾವಾಗಲೋ ಆಗಿತ್ತು. ಹೊಸಬರು ಮಾತ್ರ ಇನ್ನೂ ರಸ್ತೆಯನ್ನೇ ನೋಡುತ್ತ ಕೂತಿದ್ದರು. "ಆಯ್ತು, ತಿರುಗ್ರಿ" ಎಂದು ನಾನೇ ಹೇಳಬೇಕಾಯಿತು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹಿಂಗೆ ಕೈ ನಡುಗೋರು ಇನ್ನೂ ಒಂದಿಬ್ರು ಬರ್ತಾರೆ ಅಮ್ಮ. ನಾನು ನೋಡ್ಕಂಡೇ ಕೂತಿರ್ತಿದ್ದೆ" ಎಂದರು. ಆಮೇಲೆ ಕೇಳಿದರು, "ಖಾತೆ ಮುಂದುವರಿಸ್ತೀರಾ, ಮುಚ್ಚೋದಾ?"

"ಇರಲಿ" ಎಂದೆ. ಬಾಯಿಂದ ಬಂದ ಮೇಲೆ ನನಗೇ ಹಗುರಾಯಿತು.

"ಕಾರ್ಡು ಬಳಸ್ತೀರಾ?"

"ಒಂದಿನಾನೂ ಇಲ್ಲ."

"ಹಂಗಾದ್ರೆ ವಾಪಸ್ ಕೊಡಿ. ಅದಕ್ಕೆ ಹಿಡಿಯೋದು ನಿಲ್ಲುತ್ತೆ. ಮಿಕ್ಕಿದ್ದು ಇರುತ್ತೆ ನೋಡಿ, ಅದು ನನ್ನ ಕೈಲಿಲ್ಲ." ಮತ್ತೆ ಕೇಳಿದರು, "ಮೆಸೇಜು ಯಾವ ನಂಬರಿಗೆ? ನಿಮ್ಮದಕ್ಕೆ ಬದಲಾಯಿಸಲಾ?"

"ಬೇಡ. ಅವರ ನಂಬರಿಗೇ ಬರಲಿ."

ಸಂಜೆ ಅಂಗಡಿ ಮುಚ್ಚಿ ಬಂದ ಅಳಿಯನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಚಹಾ ಕುಡಿಯುತ್ತ ಪೂರ್ತಿ ಕೇಳಿಸಿಕೊಂಡರು. ಮಾವ ಸಹಿಗಾಗಿ ಅಷ್ಟು ದೂರ ಹೋಗುತ್ತಿದ್ದರು ಎನ್ನುವುದು ಅವರಿಗೆ ಗೊತ್ತೇ ಇರಲಿಲ್ಲ.

"ಹೋಗ್ಲಿ, ಕಾರ್ಡಿನ ದುಡ್ಡಾದ್ರೂ ಉಳೀತಲ್ಲ" ಎಂದರು. ಇನ್ನೊಂದು ಗುಟುಕು ಕುಡಿದು, "ಆ ನಂಬರ್ ಇಟ್ಕಬೇಕು ಅಂದ್ರೆ ಅದಕ್ಕೂ ರೀಚಾರ್ಜ್ ಮಾಡಿಸ್ತಾ ಇರ್ಬೇಕು ಅತ್ತೆ."

"ಹೌದಾ?"

"ಇಲ್ಲಾಂದ್ರೆ ಕಟ್ ಮಾಡ್ತಾರೆ."

ಅವರು ಲೋಟ ಕೆಳಗಿಟ್ಟು ತಮ್ಮ ಫೋನು ತೆಗೆದು, ನನ್ನ ಕಡೆ ನೋಡದೆ, ಬಾಗಿಲ ಕಡೆ ತಿರುಗಿ ಕೂತು ಒತ್ತತೊಡಗಿದರು. ಗೋಡೆಯ ಗೂಡಿನಲ್ಲಿದ್ದ ಯಜಮಾನರ ಫೋನು ಟಿಣ್ ಎಂದಿತು.