ಕುರ್ಚಿಗಳ ಬಸ್ಸು

ಬಸ್ಸಿನಲ್ಲಿ ನಿಂತೇ ಆಯುಷ್ಯದ ಅರ್ಧ ಸವೆಸಿದವರು ಕೊನೆಗೆ ಕುರ್ಚಿಗೆ ಅಂಟಿಕೊಂಡರು. ಎಲ್ಲರೂ ಅವರನ್ನು ಕಂಡಕ್ಟರ್ ಎಂದೇ ಕರೆಯುತ್ತಿದ್ದರು. ಹೆಂಡತಿ ಕೂಡ ಸಿಟ್ಟು ಬಂದಾಗ, "ಏನ್ರೀ ಕಂಡಕ್ಟ್ರೇ, ಈ ಮನೇನೂ ನಿಮಗೊಂದು ಸ್ಟಾಪಾ?" ಎನ್ನುತ್ತಿದ್ದಳು. ಕಿಕ್ಕಿರಿದ ಗಾಡಿ ತಿರುವಿನಲ್ಲಿ ವಾಲಿದರೂ ಅವರು ಕಂಬಿ ಹಿಡಿದವರಲ್ಲ. ತಲೆ ಎಣಿಸುವಾಗ ಮಾತ್ರ ಒಂದೊಂದು ಸೀಟಿನ ಬೆನ್ನನ್ನೂ ಅಂಗೈಯಿಂದ ತಟ್ಟುತ್ತ ಹೋಗುತ್ತಿದ್ದರು.

ಹೆಂಡತಿ ತೀರಿಕೊಂಡ ಮೇಲೆ ಅವರು ಕಿಟಕಿಯ ಪಕ್ಕ ಕೂತರು. ಕೂತಷ್ಟೂ ಕಾಲು ಸೊರಗಿತು, ಕಾಲು ಸೊರಗಿದಷ್ಟೂ ಕೂತರು. ಮಗಳ ಮನೆಯೆಂದರೆ ಒಂದೇ ಕೋಣೆ. ಕಕ್ಕಸು ಅಂಗಳದ ಆಚೆ ತುದಿಯಲ್ಲಿ, ಸುತ್ತಲಿನ ಮನೆಗಳಿಗೆಲ್ಲ ಸೇರಿ. ಊರುಗೋಲಾಗಲಿ ವಾಕರ್ ಆಗಲಿ ಅಂಗಳದ ಕಲ್ಲುಗಳ ಸಂದಿಗೆ ಸಿಕ್ಕಿಕೊಳ್ಳುತ್ತಿತ್ತು. ಎರಡೂ ಅವರನ್ನು ಕೆಡವಿದ್ದವು. ಹಾಗಾಗಿ ಮಗಳೇ ತೋಳಿಗೆ ತೋಳು ಕೊಟ್ಟು, ಸೊಂಟ ಹಿಡಿದು, ಅರ್ಧ ಹೊತ್ತುಕೊಂಡೇ ದಾಟಿಸುತ್ತಿದ್ದಳು. ಆಮೇಲೆ ಅವಳಿಗೆ ಹೊಟ್ಟೆಯ ಆಪರೇಷನ್ ಆಯಿತು. ಇನ್ನು ಮುಂದೆ ಭಾರ ಎತ್ತಲೇಬಾರದು ಎಂದರು ಡಾಕ್ಟರು.

ಅವಳು ಸುಧಾರಿಸಿಕೊಳ್ಳುವವರೆಗೆ ಅಪ್ಪ ಒಂದು ತಂಗುಮನೆಯಲ್ಲಿರುವುದೆಂದಾಯಿತು. ಮುದುಕರನ್ನು ಕೆಲವು ವಾರಗಳ ಮಟ್ಟಿಗೆ ಇಟ್ಟುಕೊಂಡು, ದಿನವೂ ಆಡಿಸಿ ನಡೆಸಿ, ಮೈಗೆ ಕಸುವು ತುಂಬಿ ಮನೆಗೆ ಕಳಿಸುವ ಜಾಗ ಅದು. ಅಂಗಳವನ್ನು ತಾವೇ ದಾಟುವಂತಾದರೆ ಮನೆ. ಇಲ್ಲವಾದರೆ ಊರಾಚೆಯ ಆಶ್ರಮ, ಕೊನೆಯವರೆಗೂ. ಇದನ್ನು ಮಗಳು ಬಾಯಿಬಿಟ್ಟು ಹೇಳಲಿಲ್ಲ, ಅವರೂ ಕೇಳಲಿಲ್ಲ.

ತಂಗುಮನೆಯಲ್ಲಿ ಆಡಿಸುವ ಹುಡುಗಿಯನ್ನು ಎಲ್ಲರೂ ಟೀಚರಮ್ಮ ಎನ್ನುತ್ತಿದ್ದರು. ಕಂಡಕ್ಟರು ಚೆಂಡು ಹಿಡಿಯಲೊಲ್ಲರು, ಚಪ್ಪಾಳೆ ತಟ್ಟಲೊಲ್ಲರು.

"ನಾನೇನು ಅಂಗನವಾಡಿ ಮಗೂನಾ?"

"ಬೇಡ ಬಿಡಿ. ಬಸ್ಸಾದ್ರೂ ಬಿಡ್ತೀರಾ?" ಎಂದಳು ಅವಳು.

ಕುರ್ಚಿಗಳನ್ನು ಎರಡು ಸಾಲು ಮಾಡಿ, ನಡುವೆ ಓಣಿ ಬಿಟ್ಟು, ಮುದುಕರನ್ನು ಕೂರಿಸಿದಳು. ರಟ್ಟಿನ ಚೂರುಗಳೇ ಟಿಕೆಟು. ಕಂಡಕ್ಟರು ಮೊದಲ ದಿನ ಮುಂದಿನ ಸಾಲಿನಲ್ಲೇ ಸುಸ್ತಾದರು. ದಿನ ಕಳೆದಂತೆ ಹಿಂದಿನ ಸೀಟು ಮುಟ್ಟಿದರು, ತಿರುಗಿ ಬಂದರು.

"ಯಾರ್ರೀ ಟಿಕೆಟ್, ಟಿಕೆಟ್."

"ನಂಗೆ ಪಾಸಿದೆ," ಎನ್ನುತ್ತಿದ್ದಳು ಹಿಂದಿನ ಸೀಟಿನ ದರ್ಜಿ ಅಜ್ಜಿ.

"ತೋರಿಸವ್ವಾ."

"ಮನೇಲಿ ಮರೆತು ಬಂದೆ."

"ಹಾಗಾದ್ರೆ ಇಳಿ."

"ಎತ್ತಿ ಇಳಿಸು, ನೋಡೋಣ. ಇಳಿಯೋ ಹಾಗಿದ್ದಿದ್ರೆ ನಿನ್ನ ಡಕೋಟ ಬಸ್ ಯಾಕೆ ಹತ್ತಿದ್ದೆ?"

ಬಸ್ಸಿಡೀ ನಗುತ್ತಿತ್ತು. ಕಂಡಕ್ಟರು ಸೀಟಿನ ಬೆನ್ನುಗಳನ್ನು ತಟ್ಟುತ್ತ, "ರೈಟ್, ರೈಟ್" ಎಂದು ಓಡಾಡುತ್ತಿದ್ದರು. ಟೀಚರಮ್ಮ ಮಗಳಿಗೆ ಫೋನ್ ಮಾಡಿ, "ನಿಮ್ಮಪ್ಪ ಈಗ ಯಾರನ್ನೂ ಹಿಡ್ಕೊಳ್ಳೋದೇ ಇಲ್ಲ," ಎಂದಳು. ಮಗಳು ಫೋನಿನಲ್ಲೇ ಅತ್ತಳು. ಆಶ್ರಮದಲ್ಲಿ ಕಾದಿರಿಸಿದ್ದ ಜಾಗವನ್ನು ಅವತ್ತೇ ಬೇಡವೆಂದಳು.

ಹೊರಡುವ ದಿನ ಟ್ಯಾಕ್ಸಿ ಗೇಟಿನ ಬಳಿ ನಿಂತಿತು. ಬಾಗಿಲಿನಿಂದ ಗೇಟಿನವರೆಗೆ ಸಿಮೆಂಟಿನ ಬಯಲು. ಮಗಳು ಮಾತ್ರೆಗಳ ಚೀಲ ಹಿಡಿದು ಟ್ಯಾಕ್ಸಿಯ ಹತ್ತಿರವೇ ನಿಂತು ನಗುತ್ತಿದ್ದಳು. ಅಪ್ಪ ನಡೆದು ಬರುವುದನ್ನು ಅವಳು ಕಣ್ಣಾರೆ ನೋಡಬೇಕಿತ್ತು.

ಕಂಡಕ್ಟರು ಹೊಸ್ತಿಲು ದಾಟಿದರು. ಒಂದು ಹೆಜ್ಜೆ ಇಟ್ಟರು. ಬಲಗೈ ತಾನಾಗಿಯೇ ಪಕ್ಕಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಎಡಗೈಯೂ ಹೋಗಿ ಗಾಳಿಯನ್ನು ತಡವಿ ಹಿಂದೆ ಬಂತು. ಮುಂದಿನ ಹೆಜ್ಜೆ ಏಳಲಿಲ್ಲ. ತಾನು ಇಷ್ಟು ದಿನ ತಟ್ಟುತ್ತಿದ್ದದ್ದಲ್ಲ, ಹಿಡಿಯುತ್ತಿದ್ದದ್ದು ಎಂದು ಅವರಿಗೆ ಆಗ ತಿಳಿಯಿತು. ತಿರುಗಿ ನೋಡಿದರೆ ಟೀಚರಮ್ಮನ ಮುಖದ ಬಣ್ಣವೇ ಇಳಿದುಹೋಗಿತ್ತು. ಅವಳೂ ಅದನ್ನು ಕಂಡಕ್ಟರ ಗತ್ತು ಎಂದೇ ಅಂದುಕೊಂಡಿದ್ದಳು.

"ಇನ್ನೊಂದು ವಾರ ಇದ್ರೆ ಆಗಲ್ವಾ ತಾಯಿ?" ಎಂದರು ಮೆಲ್ಲಗೆ.

"ನಿಮ್ಮ ಮಂಚಕ್ಕೆ ಇವತ್ತೇ ಬೇರೆಯವ್ರು ಬರ್ತಿದ್ದಾರೆ, ಕಂಡಕ್ಟ್ರೇ," ಎಂದಳು. ಆಮೇಲೆ ಒಳಗೆ ಓಡಿ, ಕುರ್ಚಿಗಳನ್ನು ಒಂದೊಂದಾಗಿ ಎಳೆದು ತಂದು ಗೇಟಿನವರೆಗೂ ಎರಡು ಸಾಲು ಜೋಡಿಸಿದಳು.

ಬೀಳ್ಕೊಡುಗೆಯ ತಮಾಷೆಯೆಂದುಕೊಂಡು ಮಗಳು ಚಪ್ಪಾಳೆ ತಟ್ಟಿದಳು. ಕಂಡಕ್ಟರು ಖಾಲಿ ಕುರ್ಚಿಗಳ ನಡುವೆ ನಡೆದು ಬಂದರು. ಕೊನೆಯ ಕುರ್ಚಿಯ ಬೆನ್ನಿನ ಮೇಲಿಂದ ಕೈ ಎತ್ತದೆ ಕೇಳಿದರು.

"ಮಗಾ, ಅಂಗಳದಲ್ಲಿ ಕುರ್ಚಿ ಇಡೋಕಾಗುತ್ತಾ?"

"ಕುರ್ಚಿ ಯಾಕಪ್ಪ? ಅಲ್ಲಿ ಎಲ್ಲರ ಸೈಕಲ್ಲು, ಬೈಕು ಓಡಾಡ್ತವಲ್ಲ." ಹಾಗೆನ್ನುತ್ತಲೇ ಅವಳ ಕಣ್ಣು ಅಪ್ಪನ ಕೈಯ ಮೇಲೆ ಬಿತ್ತು. ಗೆಣ್ಣುಗಳು ಬಿಳುಚಿಕೊಂಡಿದ್ದವು. ಅವಳ ನಗು ಹೋಯಿತು. ಒಂದು ಕೈಯನ್ನು ಅವರತ್ತ ಚಾಚಿದವಳು ಇನ್ನೊಂದನ್ನು ಹೊಟ್ಟೆಯ ಹೊಲಿಗೆಯ ಮೇಲೆ ಇಟ್ಟುಕೊಂಡಳು.

ಡ್ರೈವರ್ ಇಳಿದು ಬಂದು, ಅವರನ್ನು ಹಿಡಿದು ಹಿಂದಿನ ಸೀಟಿನಲ್ಲಿ ಕೂರಿಸಿದ. ತಂಗುಮನೆಯ ಕಿಟಕಿಯಲ್ಲಿ ಮುದುಕರೆಲ್ಲ ನಿಂತಿದ್ದರು.

"ರೈಟ್ ಅನ್ನಯ್ಯಾ, ಎಷ್ಟೊತ್ತು ಕಾಯಿಸ್ತೀಯಾ," ಎಂದಳು ದರ್ಜಿ ಅಜ್ಜಿ.

"ರೈಟ್," ಎಂದರು. ದನಿ ಹಿಂದಿನ ಹಾಗೇ ಗಟ್ಟಿಯಾಗಿತ್ತು.

ಗಾಡಿ ಹೊರಟಿತು. ಟೀಚರಮ್ಮ ಕುರ್ಚಿಗಳನ್ನು ಮತ್ತೆ ಒಳಗೆ ಎಳೆಯುತ್ತಿದ್ದಳು. ಕಂಡಕ್ಟರ ಕೈಗೆ ಡ್ರೈವರ್ ಸೀಟಿನ ಬೆನ್ನು ಸಿಕ್ಕಿತ್ತು. ಮಗಳು ಬಹಳ ಹೊತ್ತು ಅದನ್ನೇ ನೋಡಿದಳು.

"ಅಪ್ಪ, ಕೂತಿದ್ದೀಯಲ್ಲ. ಕೈ ಬಿಡು."

"ಹೂಂ," ಎಂದರು. ಬಿಡಲಿಲ್ಲ.