ಎಡೆಯ ಹೂವಿಗೆ ಕಾವಲು ನಿಂತ ದೊನ್ಯಾ ಹೊವಿತಾ

ಓಹಾಕಾ ಕಣಿವೆಯಲ್ಲಿ ಹೂಗಿಡಗಳಿಂದ ಉಣ್ಣೆಗೆ ಬಣ್ಣ ಹಾಕುವವರನ್ನು ನೆನೆಯುವಾಗ ಮೊದಲು ಬರಬೇಕಾದ ಹೆಸರು ದೊನ್ಯಾ ಹೊವಿತಾ ಲಾಸೊ ಅವರದು. ನಮ್ಮ ಕರಕುಶಲ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪಾಠ ಹೇಳಿದ ಅವರು "ಸಂತೋಷದಿಂದ ನಿವೃತ್ತರಾದರು" ಎಂದು ಅವರ ಈ ಅಭಿನಂದನ ಗ್ರಂಥದ ಮುನ್ನುಡಿ ಹೇಳುತ್ತದೆ. ಅದು ಶುದ್ಧ ಸುಳ್ಳು. ಬರೆದವರು ಶಾಲೆಯ ನಿರ್ದೇಶಕರು.

ದೊನ್ಯಾ ಸೇವೆಗೆ ಸೇರಿದಾಗ ಶಾಲೆಯ ಹಿತ್ತಲು ಬರೀ ಕಸದ ಗುಂಡಿ. ಸಹೋದ್ಯೋಗಿ ದೋನ್ ಫಿದೆನ್ಸಿಯೊ ಅವರೊಡನೆ ಅದನ್ನು ಅಗೆದು ಹಸನುಮಾಡಿ, ಚೆಂಡುಹೂವು, ದಾಳಿಂಬೆ ನೆಟ್ಟು, ಪೇಟೆಯ ಪುಡಿಬಣ್ಣ ಒಳಗೆ ಕಾಲಿಡದಂತೆ ನೋಡಿಕೊಂಡವರು ಅವರು. ಈ ಲೇಖಕಿ ಮೊದಲ ವರ್ಷದಲ್ಲೇ ಬಣ್ಣದ ನೀರನ್ನು ಕೊತಕೊತ ಕುದಿಸಿ, ಹೊರೆ ಉಣ್ಣೆಯನ್ನು ಮುದ್ದೆಗಟ್ಟಿಸಿದಾಗ, ವಿಚಾರಿಸಲು ಬಂದವರೆದುರು ದೊನ್ಯಾ "ಬೆಂಕಿ ನೋಡ್ಕೋಬೇಕಾದೋಳು ನಾನು, ತಪ್ಪು ನಂದೇ" ಎಂದರು. ಆಮೇಲೆ ಬಾಗಿಲು ಹಾಕಿಕೊಂಡು "ಉಣ್ಣೆ ಏನು ಮುಸುಕಿನ ಜೋಳವೇನೇ, ಬೇಯ್ಸೋಕೆ?" ಎಂದು ಬೈದದ್ದು ಬೇರೆ ಮಾತು.

ಹೋದ ವರ್ಷ ದೋನ್ ಫಿದೆನ್ಸಿಯೊ ತೀರಿಕೊಂಡರು. ನವೆಂಬರಿನಲ್ಲಿ, ಸತ್ತವರು ಉಣ್ಣಲು ಬರುವ ಹಬ್ಬಕ್ಕೆ, ದೊನ್ಯಾ ಬಣ್ಣದ ಮನೆಯಲ್ಲೇ ಅವರಿಗೆ ಎಡೆಯಿಟ್ಟು, ಅವರು ಬೆಳೆಸಿದ ಚೆಂಡುಹೂವನ್ನೇ ರಾಶಿ ಹಾಕಿದರು. ನಮ್ಮಲ್ಲಿ ಎಡೆಯ ಹೂವು ಕಡೆಗೆ ಬಣ್ಣದ ಪಾತ್ರೆಗೇ ಹೋಗುತ್ತದೆ. ಆದರೆ ಎರಡನೆಯ ತಾರೀಖು ಮಧ್ಯಾಹ್ನ ಮೂರಕ್ಕೆ ಇಗರ್ಜಿಯ ಗಂಟೆ ಬಾರಿಸಿ, ಬಂದ ಸತ್ತವರು ಉಂಡು ಹೊರಟ ಮೇಲೆ ಮಾತ್ರ. ಆ ದಿನ ಬಣ್ಣ ಹಾಕುವುದನ್ನು ನೋಡಲು ರಾಜಧಾನಿಯ ಅತಿಥಿಗಳು ಹನ್ನೆರಡಕ್ಕೇ ಬಂದುಬಿಟ್ಟಿದ್ದರು. ನಿರ್ದೇಶಕರು ಸಹಾಯಕ ಶಿಕ್ಷಕಿಯ ಕೈಯಿಂದ ಎಡೆಯ ಹೂವನ್ನೆಲ್ಲ ಬಾಚಿಸಿ, ಆಗಷ್ಟೇ ಒಲೆಗೇರಿದ್ದ ಪಾತ್ರೆಗೆ ಸುರಿಸಿದರು.

ಉಣ್ಣೆ ತರಲು ಹೋಗಿದ್ದ ದೊನ್ಯಾ ಬಾಗಿಲಲ್ಲೇ ನಿಂತರು. "ಉಣ್ತಾ ಕೂತೋನ ಮುಂದಿಂದ ತಟ್ಟೆ ಎಳ್ಕೊಂಡ್ರಲ್ಲ, ನಿಮ್ಮನೇಲೂ ಹಿಂಗೇನಾ?"

"ಬರೀ ಹೂವು ಕಣ್ರೀ ದೊನ್ಯಾ! ಅತಿಥಿಗಳು ಕಾಯ್ತಾ ಇದಾರೆ," ಎಂದರು ನಿರ್ದೇಶಕರು.

"ಫಿದೆನ್ಸಿಯೋನೂ ಅತಿಥೀನೇ. ಸತ್ತ ಮೇಲೆ ಮೊದಲ್ನೇ ಸಲ ಬಂದಿದಾನೆ."

ದೊನ್ಯಾ ಪಾತ್ರೆಯನ್ನು ಒದ್ದು ಉರುಳಿಸಿದರು. ಹಳದಿ ನೀರು ನಿರ್ದೇಶಕರ ಬೂಟಿನೊಳಗೆ ಹೋಯಿತು. ಹೋಗಬೇಕಾದದ್ದೇ.

ವಿಚಾರಣೆಯಲ್ಲಿ ನಿರ್ದೇಶಕರು ಎಡೆಯನ್ನು ಯಾರೂ ಮುಟ್ಟಿಲ್ಲವೆಂದರು, ದೊನ್ಯಾಗೆ ತಲೆಕೆಟ್ಟಿದೆಯೆಂದರು. ಸಹಾಯಕಿಯನ್ನು ಕೇಳಿದರೆ "ನಾನೇನೂ ನೋಡ್ಲಿಲ್ಲ" ಎಂದಳು. ಆಗ ಅವಳ ನಾಲಿಗೆ ಏಕೆ ಬಿದ್ದುಹೋಗಲಿಲ್ಲವೋ! ಕ್ಷಮೆ ಕೇಳಿದರೆ ಕೆಲಸ ಉಳಿಯುತ್ತದೆ ಎಂಬ ಆಸೆ ತೋರಿಸಿದರೂ ದೊನ್ಯಾ ಕೇಳಲಿಲ್ಲ. ನಾಲ್ಕು ವರ್ಷದ ಸೇವೆ ಬಾಕಿಯಿರುವಾಗಲೇ ಮನೆಗೆ ಅಟ್ಟಿದ ಅದೇ ಕೈಗಳು ಈಗ ಅವರಿಗೆ ಶಾಲು ಹೊದಿಸಲು ಸಜ್ಜಾಗಿವೆ. ನಾಚಿಕೆಗೂ ಒಂದು ಮಿತಿ ಬೇಡವೇ?

ದೊನ್ಯಾ ಹೊವಿತಾ ನೂರು ವರ್ಷ ಬಾಳಲಿ. ತಮ್ಮ ಅಂಗಳದಲ್ಲಿ ಹೂಡಿರುವ ಒಲೆಯ ಮುಂದೆ ಇನ್ನಷ್ಟು ಮಂದಿಗೆ ಕಲಿಸಲಿ. ಸಂಪಾದಕರು ಈ ಲೇಖನದಲ್ಲಿ ಬೇಕಾದ್ದನ್ನು ಕತ್ತರಿಸಲಿ, ಮುಂದಿನ ಎರಡು ಸಾಲುಗಳನ್ನು ಮಾತ್ರ ಹಾಗೆಯೇ ಅಚ್ಚು ಹಾಕಲಿ.

ಹೂವು ಬಾಚಿಸಿದವರು ನಿರ್ದೇಶಕರು. ಬಾಚಿದ ಸಹಾಯಕಿ ನಾನು.